ಐದನೆಯ ಎಡೆ

ಖಾನಾಪುರದ ಹೊಳೆದಂಡೆಯ ಓಣಿಯಲ್ಲಿ ನಿಂಗವ್ವನ ಬಾಯಿಗೆ ಹೆದರದವರು ಕಡಿಮೆ. ಗಂಡ ಹೋದಮೇಲೆ ರೊಟ್ಟಿ ಬಡಿದು, ಬೆಳಗಿನ ಬಸ್ಸಿಗೆ ಬೆಳಗಾವಿಯ ಖಾನಾವಳಿಗಳಿಗೆ ಕಳಿಸಿ, ಮಗ ಶಶಿಧರನನ್ನು ಓದಿಸಿದವಳು. ಅವನೀಗ ದಿನಾ ಬೈಕಿನಲ್ಲಿ ಬೆಳಗಾವಿ ಹಾದಿಯ ಮಚ್ಛೆಯ ಕಾರ್ಖಾನೆಗೆ ಹೋಗಿಬರುತ್ತಾನೆ.

ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರ ಹಬ್ಬಕ್ಕೆ, ಅವಳ ಮನೆಯಲ್ಲಿ ಐದು ಎಡೆ. ಅತ್ತೆ, ಮಾವ, ಗಂಡ, ಮೈದುನ, ಈ ನಾಲ್ವರಿಗೆ ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ. ಐದನೆಯ ಎಲೆಯಲ್ಲಿ ಬರೀ ಅನ್ನ, ಮಜ್ಜಿಗೆ. ಇನ್ನೂರು ವರ್ಷಗಳ ಹಿಂದೆ, ಡೋಗಿ ಬರಗಾಲದಲ್ಲಿ, ಈ ಮನೆತನದ ಮೂಲಪುರುಷ ಹೆಂಡತಿ, ಕೂಸಿನೊಂದಿಗೆ ವಿಜಯಪುರದ ಕಡೆಯಿಂದ ನಡೆದು ಬಂದಾಗ, ಊರವರು ಕಳ್ಳರೆಂದು ಕಲ್ಲು ಎತ್ತಿದ್ದರಂತೆ. ಒಬ್ಬ ಹೆಂಗಸು ಮಾತ್ರ ದನದ ಕೊಟ್ಟಿಗೆ ತೆರೆದು ಅನ್ನ, ಮಜ್ಜಿಗೆ ಕೊಟ್ಟಳಂತೆ. ಐದನೆಯ ಎಡೆ ಅವಳದು. ಉಪಕಾರ ನೆನಪಿಟ್ಟ ನಮ್ಮ ಶಾಣ್ಯಾ ಜನ ಅವಳ ಹೆಸರನ್ನೇ ಮರೆತರು!

ನಲವತ್ತೆರಡು ವರ್ಷ ಆ ಎಡೆ ಇಟ್ಟ ನಿಂಗವ್ವ, ಹೋದ ವಾರ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವ ಒಡಿಶಾದ ಹೆಂಗಸೊಬ್ಬಳು ಬಾಗಿಲಲ್ಲಿ ನೀರು ಕೇಳಿದಾಗ, "ಮುಂದ ಹೋಗ" ಅಂದಿದ್ದಳು. ಅದು ಅವಳಿಗೆ ನೆನಪೂ ಇರಲಿಲ್ಲ.

ಹಬ್ಬದ ಮಧ್ಯಾಹ್ನ ನಿಂಗವ್ವ ಎಡೆ ಬಡಿಸಿಟ್ಟು, ಕಾಯಿ ತರಲು ಪೇಟೆಗೆ ಹೋದ ಮಗನ ದಾರಿ ಕಾಯುತ್ತಿದ್ದಾಗ ಹಿತ್ತಲ ಬಾಗಿಲು ಧಡ್ಡನೆ ತೆರೆಯಿತು. ನೀರು ಕೇಳಿದ್ದ ಅದೇ ಹೆಂಗಸು; ನಿಂಗವ್ವನಿಗೆ ಈಗ ಗುರುತು ಸಿಕ್ಕಿತು. ಹಣೆಯಿಂದ ರಕ್ತ, ಸೊಂಟದಲ್ಲಿ ಕೂಸು.

"ಮಾಂಜೀ, ಬಚ್ಚಾ ಮೇರಾ ಹೈ," ಕೂಸು ತನ್ನದೇ ಎಂದು ಎದೆಗವಚಿ ತೋರಿಸಿ ಕಾಲಿಗೆ ಬಿದ್ದಳು.

ಬೀದಿಯಲ್ಲಿ ಗದ್ದಲ ಏರುತ್ತಿತ್ತು. ಮಕ್ಕಳ ಕಳ್ಳಿ ಎಂಬ ಮಾತು ನಿಂಗವ್ವನಿಗೂ ಕೇಳಿಸಿತು. ಮಕ್ಕಳ ಕಳ್ಳರು ಬಂದಿದ್ದಾರೆಂದು ಬೆಳಿಗ್ಗೆಯಿಂದ ಎಲ್ಲರ ಮೊಬೈಲಿನಲ್ಲೂ ಸುದ್ದಿ. ಕೂಸು ತಾನೇ ಸೆರಗು ಸರಿಸಿ ಮೊಲೆಗೆ ಬಾಯಿ ಹಾಕಿತು. ಇನ್ನು ಯಾವ ಸಾಕ್ಷಿ ಬೇಕಿತ್ತು? ಆದರೆ ಒಂದೇ ಖೋಲಿಯ ಮನೆ, ಬಚ್ಚಿಡಲು ಮೂಲೆಯೂ ಇಲ್ಲ. ಪೂಜೆಗೆ ಮೊದಲು ಎಡೆ ಮುಟ್ಟಬಾರದೆಂದು ಸೊಸೆಯಾಗಿ ಬಂದ ದಿನವೇ ಕಲಿತಿದ್ದ ನಿಂಗವ್ವ, ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಆ ಹೆಂಗಸಿನ ರಟ್ಟೆ ಹಿಡಿದು ಐದನೆಯ ಎಲೆಯ ಮುಂದೆ ಕೂಡಿಸಿದಳು.

"ಉಣ್ಣು."

ಯಾರೋ ಮುಂಬಾಗಿಲು ಬಡಿಯತೊಡಗಿದರು. "ಯವ್ವಾ, ಬಾಗಲಾ ತಗಿ! ಕಳ್ಳಿ ನಮ್ಮ ಹಿತ್ತಲದಾಗ ಹೊಕ್ಕಾಳಂತ!"

ಶಶಿಧರನ ದನಿ. ನಿಂಗವ್ವ ಬಾಗಿಲು ಸಂದು ಮಾಡಿ, ಮಗನೊಬ್ಬನನ್ನೇ ಒಳಗೆಳೆದು ಅಗಳಿ ಹಾಕಿದಳು. ಅವನ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಬಡಿಗೆ.

"ಆಕಿ ಇಲ್ಲ್ಯಾಕ ಕುಂತಾಳ?"

"ಕಾಯಿ ಒಡಿ. ವರ್ಷಾ ಮಾಡಿದಂಗ ಐದೂ ಎಡಿಗೆ ಅಡ್ಡಬೀಳು. ಐದನೇದಕ್ಕ ಬೀಳಾಕ ಆಗೂದಿಲ್ಲಂದ್ರ ಬಾಗಲಾ ತಗದು ಆಕೀನ ಕೊಟ್ಟಬಿಡು. ಆದ್ರ ಬರೂ ವರ್ಷ ಆ ಎಡಿ ಇಡೂದಿಲ್ಲ ನಾ. ಸುಳ್ಳ ಸುಳ್ಳ ಯಾರಿಗಿ ಇಡೂದು?"

ಬಾಗಿಲಿಗೆ ಕಲ್ಲೊಂದು ಬಡಿಯಿತು. ಹೆಂಗಸಿನ ಕೈ ಎಲೆಯ ಮೇಲೆಯೇ ನಿಂತಿತು. ಶಶಿಧರ ಬಡಿಗೆಯನ್ನು ಗೋಡೆಗೆ ಒರಗಿಸಿ ಕಾಯಿ ಒಡೆದ. ನಾಲ್ಕು ಎಡೆಗೆ ಅಡ್ಡಬಿದ್ದ. ಐದನೆಯದರ ಮುಂದೆ ನಿಂತೇ ಇದ್ದ. ಮೊಲೆ ಬಿಟ್ಟು ತಿರುಗಿದ ಕೂಸು ಅನ್ನಕ್ಕೆ ಕೈಹಾಕಿ ಅವನನ್ನೇ ನೋಡುತ್ತಿತ್ತು. ಅವನು ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದ.

ಆಮೇಲೆ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತ, ಬರಿಗೈಲಿ.

"ಒಳಗ ನಮ್ಮ ಹಿರ್ಯಾರು ಉಣ್ಣಾಕ ಕುಂತಾರ. ಪೊಲೀಸರನ್ನ ನಾನ ಕರಸ್ತೀನಿ. ಅವರು ಬರೂತನಾ ಯಾರೂ ಒಳಗ ಕಾಲಿಡಬ್ಯಾಡ್ರಿ."

ಯಾರೋ ಬೈದರು. ಮತ್ತೊಂದು ಕಲ್ಲು ಅವನ ಭುಜಕ್ಕೆ ತಾಗಿತು. ಅವನು ಅಲುಗದೆ ಕಿಸೆಯಿಂದ ಮೊಬೈಲು ತೆಗೆದ. ಮುಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನವರು ಒಬ್ಬೊಬ್ಬರಾಗಿ ಕರಗಿದರು.

ನಿಂಗವ್ವ ತಂಬಿಗೆ ತುಂಬ ನೀರು ತಂದು ಹೆಂಗಸಿನ ಮುಂದಿಟ್ಟಳು. ಮುಖವೆತ್ತಿ ನೋಡಲು ನಾಚಿಕೆ.

"ಹ್ವಾದ ವಾರ ಕೇಳಿದ್ದಿ," ಎಂದಳು. "ನಿನ್ನ ಹೆಸರೇನಬೇ? ನಾಮ್, ನಾಮ್?"

"ಸುಕಾಂತಿ."

"ಶಶ್ಯಾ," ಎಂದು ನಿಂಗವ್ವ ಹೊಸ್ತಿಲ ಕಡೆ ಕೂಗಿದಳು, "ಸುಕಾಂತಿ ಅಂತ. ಮರೀಬ್ಯಾಡ."