ಈಜುಕೊಳದ ತಳದಲ್ಲೊಂದು ಹೂಕೋಸು

ತರಕಾರಿ ಅಂಗಡಿಯ ಮುಂದೆ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ನಿಲ್ಲುವವರನ್ನು ನಾನು ಕಂಡದ್ದು ಒಬ್ಬರನ್ನೇ, ಮಿಯಾಪುರದಲ್ಲಿ ನಮ್ಮ ನೆರೆಯವರಾಗಿದ್ದ ಶರಣಪ್ಪನವರನ್ನು. ಟೊಮೆಟೊವನ್ನೂ ಅವರು ಒತ್ತಿ ನೋಡುತ್ತಿರಲಿಲ್ಲ. "ನೋಡೂದು ಕಣ್ಣಿನ ಕೆಲಸರಿ, ಕೈಗೇನು ಕೆಲಸ ಐತಿ?" ಎನ್ನುತ್ತಿದ್ದರು. ಹೀಗಾಗಿ ಮನೆಗೆ ಆಗಾಗ ಹುಳುಕು ಬದನೆಕಾಯಿ ಬರುತ್ತಿತ್ತು. ಅವರ ಹೆಂಡತಿ ನೀಲಮ್ಮನವರು ಅದಕ್ಕೆ ಸಮುದ್ರವನ್ನು ಬಯ್ಯುತ್ತಿದ್ದರು.

ಚಾಳಿ ಸಮುದ್ರದ್ದೇ. ಲಿಂಗಸುಗೂರು ಕಡೆಯ ಶರಣಪ್ಪನವರು ಬಂದರಿನ ನೀರಿನಡಿ ವೆಲ್ಡಿಂಗ್ ಮಾಡಿದವರು. ರಜೆ ಸಿಕ್ಕರೆ ಹವಳ ನೋಡಲು ಮುಳುಗುತ್ತಿದ್ದರಂತೆ. ಕಿವಿಯ ತಮಟೆ ಹರಿದ ಮೇಲೆ, ಇನ್ನು ತಲೆ ಮುಳುಗಿಸಬೇಡಿ ಎಂದರು ಡಾಕ್ಟರು. ಇವರು ಬಿಡಬೇಕಲ್ಲ. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ಎದೆಮಟ್ಟದ ನೀರಿನಲ್ಲಿ ನಿಂತು ಸ್ಕೂಬಾ ಕಲಿಸತೊಡಗಿದರು.

ಪಾಠ ಇಷ್ಟೇ. ಒಂದು ಹೂಕೋಸಿಗೆ ಕಲ್ಲು ಕಟ್ಟಿ ತಳಕ್ಕೆ ಬಿಡುತ್ತಿದ್ದರು. ನಾವು ಸಿಲಿಂಡರ್ ಕಟ್ಟಿಕೊಂಡು, ಅವರಂತೆ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿ, ನಿಧಾನ ಉಸಿರಾಡುತ್ತ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲಬೇಕು. "ಇದು ಹವಳ ಅಂತ ತಿಳೀರಿ. ಹವಳ ಕಲ್ಲಲ್ಲರಿ, ಅದಕ್ಕೂ ಜೀವ ಐತಿ." ಮುಟ್ಟಿದವರಿಗೆ ಮುಂದಿನ ಭಾನುವಾರ ಮೊದಲಿನಿಂದ ಪಾಠ.

ನೀರೆಂದರೆ ನಡುಗುವ ನಾನು ಮೂರು ಭಾನುವಾರ ಹೂಕೋಸನ್ನು ಬಾಚಿ ತಬ್ಬಿಕೊಂಡೆ. "ಮೇಡಂ, ಇದು ಇನ್ನ ಮಂಚೂರಿಗೂ ಬರಂಗಿಲ್ಲ," ಎಂದರು. ಕೊಳದಲ್ಲಿ ನೆನೆದ ಹೂಕೋಸನ್ನು ಅಡುಗೆಗೆಂದು ತಂದರೆ ನೀಲಮ್ಮನವರು ಹೊಸ್ತಿಲು ದಾಟಿಸುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ತೇಲಿದೆ. ಅವರು ನಗಲಿಲ್ಲ. "ನನಗಂತೂ ಇನ್ನ ಆಗಂಗಿಲ್ರಿ. ಹವಳ ಇರೋ ನೇತ್ರಾಣಿ ದ್ವೀಪಕ್ಕ ನೀವು ಹೋಗಿ ಬರ್ರಿ. ನೋಡಿದ್ದೆಲ್ಲ ಬಂದು ನನಗ ಹೇಳ್ರಿ."

ಹೆದರುತ್ತಲೇ ಹೋದೆ, ನೋಡಿದೆ. ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಮೀನುಗಳ ಬಣ್ಣ, ಹವಳದ ಕೊಂಬೆ, ಒಂದನ್ನೂ ಬಿಡದೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಏನೂ ಮುಟ್ಟಲಿಲ್ಲ, ಹೌದಿಲ್ರಿ?"

ಸುಳ್ಳು ಹೇಳಲಾಗಲಿಲ್ಲ. "ಒಂದು ಸಲ ಅಲೆ ತಳ್ಳಿತು ಸರ್. ಒಂದೇ ಬೆರಳು."

ಕಣ್ಣು ತೆರೆದರು. "ಹಂಗಾರ ಬರೋ ಐತವಾರ ಮೊದಲಿನಿಂದ ಸುರು," ಎಂದರು.

ಶನಿವಾರ ತೀರಿಕೊಂಡರು.

ಮಣ್ಣಾಗಿ ಮೂರನೆಯ ದಿನ ನೀಲಮ್ಮನವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಹೂಕೋಸು, ಅದಕ್ಕೆ ದಾರದಲ್ಲಿ ಬಿಗಿದ ಕಲ್ಲು.

"ಶುಕ್ರವಾರ ನನ್ನ ಕಡೆ ತರಿಸಿ, ಮಲಕೊಂಡೇ ಕಟ್ಟಿಟ್ಟಿದ್ರವ್ವಾ. ಫ್ರಿಜ್‌ನ್ಯಾಗ ನಾನೇ ಇಟ್ಟಿದ್ದೆ. ಬಿಚ್ಚಾಕ ಮನಸ್ಸಾಗವಲ್ದು."

ನನಗೆ ಅಳು ಬಂತು. ಕೈಗಳು ಹೊಟ್ಟೆಯ ಮೇಲೆ ತಾವಾಗಿ ಕಟ್ಟಿಕೊಂಡಿದ್ದವು. ಬಿಡಿಸಿ ಅದನ್ನು ಇಸಿದುಕೊಳ್ಳಲು ಬಹಳ ಹೊತ್ತು ಹಿಡಿಯಿತು.