ಒಂದು ಪುಟಕ್ಕೆ ಇಳಿಸಿದ ವರದಿ

ಸೌದಿಯ ದಮ್ಮಾಮಿನ ನಮ್ಮ ಗೋದಾಮಿನಲ್ಲಿ ಕಂಪ್ಯೂಟರ್ ಬದಲಾದದ್ದು ಬೇಸಿಗೆ ರಜೆ ಮುಗಿದ ಮೇಲೆ. ಅಲ್ಲಿಯ ತನಕ ನಮ್ಮದು ಡಾಸ್: ಕಪ್ಪು ಪರದೆ, ಬಿಳಿ ಅಕ್ಷರ, ಆಜ್ಞೆ ಟೈಪು ಮಾಡಿದರೆ ಕೆಲಸ. ಹೊಸದಾಗಿ ಬಂದದ್ದು ವಿಂಡೋಸ್: ಬಣ್ಣದ ಪರದೆ, ಅದರ ಮೇಲೆ ಸಣ್ಣ ಚಿತ್ರಗಳು, ಅವನ್ನು ಒತ್ತಲು ಮೌಸ್. ತೈಲಬಾವಿಗಳಿಗೆ ವಾಲ್ವು, ಪೈಪು, ಗ್ಯಾಸ್ಕೆಟ್ ಮಾರುವ ಕಂಪನಿ ಅದು. ಕಂಪ್ಯೂಟರಿನ ಮುಂದೆ ಕೂರುವವರಲ್ಲಿ ಮೂವರು ಐವತ್ತು ದಾಟಿದವರು. ಒಬ್ಬರು ಸುಡಾನಿನ ಖರೀದಿ ಗುಮಾಸ್ತ, ಒಬ್ಬರು ಹೈದರಾಬಾದಿನ ಟೈಪಿಸ್ಟ್, ಇನ್ನೊಬ್ಬರು ನಮ್ಮ ಸ್ಟಾಕ್ ಕೀಪರ್. ನಾನು ಬರೆಯುತ್ತಿರುವುದು ಈ ಸ್ಟಾಕ್ ಕೀಪರ್ ಬಗ್ಗೆ.

ಅವರು ಮಂಗಳೂರಿನವರು, ಮನೆಮಾತು ಕೊಂಕಣಿ, ಆಗ ಐವತ್ತೇಳು ವರ್ಷ. ಹದಿನಾರು ವರ್ಷದಿಂದ ಅದೇ ಕೌಂಟರಿನ ಹಿಂದೆ ಇದ್ದರು, ಅದರಲ್ಲಿ ಎಂಟು ವರ್ಷ ಕಂಪ್ಯೂಟರಿನ ಮುಂದೆ. ಖಫ್ಜಿಯ ತೈಲಬಾವಿಯಿಂದ ಫೋನು ಬಂದರೆ ಆ ಕಡೆಯವನು ಅಳತೆ ಹೇಳಿ ಮುಗಿಸುವ ಮೊದಲೇ ಇವರ ಬೆರಳು ಕೋಡ್ ಒತ್ತಿರುತ್ತಿತ್ತು. ಎಷ್ಟೋ ಸಲ ಪರದೆ ನೋಡುವ ಮೊದಲೇ ಬಾಯಿ ಹೇಳುತ್ತಿತ್ತು: "ಮೂರನೇ ಸಾಲು, ಕೆಳಗಿನ ರ್‍ಯಾಕು, ಹನ್ನೊಂದು ಪೀಸು." ಹೆಂಡತಿಯೂ ಒಬ್ಬಳೇ ಮಗಳೂ ಅವರ ಇಕಾಮಾದ ಮೇಲೆ, ಅಂದರೆ ಕೆಲಸ ಇರುವ ತನಕದ ವಾಸದ ಪರವಾನಗಿಯ ಮೇಲೆ, ಅಲ್ಲೇ ಇದ್ದರು. ಮಗಳು ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ತರಗತಿ. ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ಅವರ ಕೆಲಸದ ಕರಾರು ಮುಗಿಯುವುದು ಅಕ್ಟೋಬರಿನಲ್ಲಿ.

ಅದುವರೆಗೆ ಕರಾರು ತಾನಾಗಿಯೇ ನವೀಕರಣವಾಗುತ್ತಿತ್ತು. ಆ ವರ್ಷ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಮೂವರನ್ನೂ ಕರೆದು ಚಹಾ ಕೊಟ್ಟು ಹೇಳಿದರು: ಒಂದು ತಿಂಗಳು ಹೊಸ ಯಂತ್ರದಲ್ಲಿ ಕೆಲಸ ಮಾಡಿ. ಯಾರಿಗೆ ಒಗ್ಗುತ್ತದೋ ಅವರ ಕಾಗದಕ್ಕೆ ಸಹಿ. ನನ್ನನ್ನೂ ಕರೆದರು. ಊರಿನಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ಬಂದವನು ನಾನು. ಗೋದಾಮಿನಲ್ಲಿ ಕಂಪನಿಯ ಪತ್ರ, ವರದಿ ಬರೆಯುವುದು ನನ್ನ ಕೆಲಸ. ದಿನಾಲೂ ಏನು ತೊಂದರೆಯಾಯಿತು, ಎಷ್ಟು ಗಂಟೆಗೆ, ಯಾರಿಂದ ಎಂದು ಬರೆದಿಡಬೇಕು ಎಂದರು. ಬರೆದಿಟ್ಟೆ.

ಯಂತ್ರ ಕೂರಿಸಿ ಕಲಿಸಲು ಬಂದವನು ಬೆಂಗಳೂರಿನ ಇಂಜಿನಿಯರ್. ಮೂವತ್ತರ ಆಸುಪಾಸು, ಚುರುಕು. ಸ್ಟಾಕ್ ಕೀಪರನ್ನು ಮೊದಲ ದಿನದಿಂದಲೇ ಅಂಕಲ್ ಎಂದ.

"ಅಂಕಲ್, ಕೀಬೋರ್ಡ್ ಮರೆತುಬಿಡಿ. ಎಲ್ಲ ಇದರಲ್ಲೇ. ಎರಡು ಸಲ ಟಕ್ ಟಕ್ ಅಂತ ಒತ್ತಬೇಕು."

ಅವರು ಒತ್ತಿದರು. ಒಂದು ಟಕ್ಕಿಗೂ ಇನ್ನೊಂದು ಟಕ್ಕಿಗೂ ನಡುವೆ ಮೌಸ್ ಸ್ವಲ್ಪ ಜಾರುತ್ತಿತ್ತು. ಚಿತ್ರ ತೆರೆಯುವ ಬದಲು ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು.

"ಇದೆಂತ ಮಾರಾಯ, ಇದು ಹಿಡಿದಲ್ಲಿ ನಿಲ್ಲುವುದಿಲ್ಲವಲ್ಲ."

"ನಿಲ್ಲುತ್ತೆ ಅಂಕಲ್. ನೀವು ಉಸಿರು ಬಿಗಿಹಿಡಿಯಬೇಡಿ, ಇದು ಹೆರಿಗೆ ಅಲ್ಲ."

ಸುಡಾನಿನವರು ಪಕ್ಕದ ಮೇಜಿನಿಂದ ಮೌಸನ್ನು ತಂತಿ ಹಿಡಿದು ಎತ್ತಿ ತೋರಿಸಿದರು. "ಯಾ ಶೇಖ್, ನಮ್ಮೂರಿನಲ್ಲಿ ಇದಕ್ಕೆ ಬೆಕ್ಕು ಸಾಕುತ್ತೇವೆ. ಇಲ್ಲಿ ನಮ್ಮನ್ನು ಸಾಕಿದ್ದಾರೆ." ಎಲ್ಲರೂ ನಕ್ಕರು. ಸ್ಟಾಕ್ ಕೀಪರ್ ನಗಲಿಲ್ಲ. ಅವರ ಕಣ್ಣು ಪರದೆಯ ಮೇಲೇ ಇತ್ತು.

ಕೈ ಕುದುರಲಿ ಎಂದು ಇಂಜಿನಿಯರ್ ಒಂದು ಉಪಾಯ ಹೇಳಿದ. ಹೊಸ ಯಂತ್ರದಲ್ಲಿ ಇಸ್ಪೀಟಿನ ಆಟ ಇತ್ತು. ಎಲೆಯನ್ನು ಮೌಸಿನಿಂದ ಹಿಡಿದು ಎಳೆದು ಇನ್ನೊಂದರ ಮೇಲೆ ಬಿಡಬೇಕು. ಬೆಳಿಗ್ಗೆ ಅರ್ಧ ಗಂಟೆ ಆಡಿ ಅಂದ. ಆಫೀಸಿನಲ್ಲಿ ಹದಿನಾರು ವರ್ಷ ಪೇಪರ್ ಸಹ ಬಿಡಿಸಿ ಓದದ ಮನುಷ್ಯ ಇಸ್ಪೀಟು ಆಡಿದರು. ಬಾಗಿಲಿಗೆ ಬೆನ್ನು ಹಾಕಿ, ಪರದೆಯನ್ನು ಮೈಯಿಂದ ಮರೆಮಾಡಿಕೊಂಡು ಆಡಿದರು. ಮುದೀರ್ ಒಂದು ದಿನ ಹಿಂದಿನಿಂದ ಹಾದುಹೋದರು.

"ಪೇಪರ್‌ನವರೇ, ಅವರು ನೋಡಿದರಾ?" ಅವರು ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

"ನೋಡಿದರು."

"ಇದು ಪಾಠ ಅಂತ ಅವರಿಗೆ ಗೊತ್ತುಂಟಲ್ಲ?"

ಗೊತ್ತಿರಬಹುದು ಎಂದೆ. ಆ ದಿನದ ಟಿಪ್ಪಣಿಯಲ್ಲಿ ಬರೆದೆ: ಬೆಳಿಗ್ಗೆ ಹತ್ತು ಇಪ್ಪತ್ತು, ಸ್ಟಾಕ್ ಕೌಂಟರ್, ಮೌಸ್ ಅಭ್ಯಾಸಕ್ಕಾಗಿ ಕಾರ್ಡ್ ಆಟ.

ಎರಡನೇ ವಾರದಲ್ಲಿ ಅವರಿಗೆ ಎರಡು ಟಕ್ ಒಗ್ಗಿತು. ಮೂರನೇ ವಾರ ಶುರುವಾದಾಗ ಕೋಡ್ ಹುಡುಕುವುದು, ಬಿಲ್ಲು ತೆಗೆಯುವುದು ತಾವೇ ಮಾಡುತ್ತಿದ್ದರು. ಮೊದಲಿನ ವೇಗ ಇರಲಿಲ್ಲ, ಆದರೆ ತಪ್ಪೂ ಇರಲಿಲ್ಲ. ಮಗಳ ಸ್ಕೂಲ್ ಫೋಟೋ ತಂದು ಕೀಬೋರ್ಡಿನ ಪಕ್ಕ ಇಟ್ಟರು. "ಮಾರ್ಚ್ ದಾಟಿದರೆ ಸಾಕು. ಆಮೇಲೆ ಈ ಡಬ್ಬ ಅವರೇ ಇಟ್ಟುಕೊಳ್ಳಲಿ."

ಇಲ್ಲಿ ಕೌಂಟರಿನ ಒಂದು ಪದ್ಧತಿ ಹೇಳಬೇಕು. ಬಾಂಗ್ ಆದ ಕೂಡಲೇ ಶಟರ್ ಇಳಿಸಬೇಕು, ದೀಪ ಆರಿಸಬೇಕು. ನಮಾಜಿನ ಹೊತ್ತಿಗೆ ಅಂಗಡಿ ತೆರೆದಿದೆಯೇ ಎಂದು ನೋಡಲು ಮುತವ್ವಾಗಳ, ಅಂದರೆ ಧರ್ಮದ ಪೊಲೀಸರ, ಜೀಪು ಆ ರಸ್ತೆಯಲ್ಲಿ ಸುತ್ತುತ್ತಿತ್ತು. ಒಂದು ಸಲ ದೀಪ ಉರಿಯುತ್ತಿತ್ತು ಎಂದು ಕೌಂಟರಿನ ಇಬ್ಬರನ್ನು ಕರೆದುಕೊಂಡು ಹೋಗಿದ್ದರು. ಅಂದಿನಿಂದ ಆ ಕೆಲಸ ಸ್ಟಾಕ್ ಕೀಪರದ್ದು. ಬಾಂಗ್ ಕೇಳಿದರೆ ಡಾಸಿನ ಕಾರ್ಯಕ್ರಮದಿಂದ ಹೊರಗೆ ಬರುವುದು, ಪರದೆಯಲ್ಲಿ ಬರೀ ಡ್ರೈವಿನ ಗುರುತು ಕಂಡ ಮೇಲೆ ಗೋಡೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆಯುವುದು. ದೀಪ, ಎ.ಸಿ., ಕಂಪ್ಯೂಟರ್ ಎಲ್ಲ ಒಟ್ಟಿಗೆ ಬಂದ್. ಹಳೆಯ ವ್ಯವಸ್ಥೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಎಂಟು ವರ್ಷ ಏನೂ ಆಗಲಿಲ್ಲ.

ಹೊಸದನ್ನು ಹಾಗೆ ಬಂದ್ ಮಾಡಬಾರದು. ಪರದೆಯಲ್ಲಿ ಕ್ರಮವಾಗಿ ಮುಚ್ಚಬೇಕು, ಇನ್ನು ಆರಿಸಬಹುದು ಎಂದು ಅದೇ ಹೇಳುವವರೆಗೆ ಕಾಯಬೇಕು. ಈ ಪಾಠ ಇಂಜಿನಿಯರನ ಪಟ್ಟಿಯಲ್ಲಿ ಕೊನೆಯದಾಗಿತ್ತು. ಗುರುವಾರ ಹೇಳುವುದೆಂದು ಇಟ್ಟಿದ್ದ. ಅಲ್ಲಿಯವರೆಗೆ ಬಾಂಗಿನ ಹೊತ್ತಿಗೂ ಸಂಜೆಯೂ ಯಂತ್ರ ಮುಚ್ಚುವುದು ಅವನೇ, ಆಮೇಲೆ ಸ್ವಿಚ್ ಎಳೆಯುವುದು ಇವರು.

ಸೋಮವಾರ ಮಧ್ಯಾಹ್ನ ಬಾಂಗ್ ಆಯಿತು. ಯಂತ್ರ ಇನ್ನೂ ಮುಚ್ಚಿರಲಿಲ್ಲ, ಸ್ಟಾಕ್ ಕೀಪರ್ ಎದ್ದು ಮೇನ್ ಸ್ವಿಚ್ ಎಳೆದರು. ಇಂಜಿನಿಯರ್ ಮೂರು ಹೆಜ್ಜೆ ದೂರದಲ್ಲಿ ಕಾರಿನ ಕೀ ಹಿಡಿದು ನಿಂತಿದ್ದ. ನೋಡಿದ. ಊಟಕ್ಕೆ ಹೊರಟ. ನಮಾಜು ಮುಗಿದ ಮೇಲೆ ಯಂತ್ರ ಸರಿಯಾಗಿಯೇ ಶುರುವಾಯಿತು. ನಾನು ಅಲ್ಲೇ ಇದ್ದೆ. ಆ ದಿನದ ಟಿಪ್ಪಣಿಯಲ್ಲಿ ಅದನ್ನು ಬರೆಯಲಿಲ್ಲ. ಏನೂ ಆಗದ ದಿನ ಸುದ್ದಿಯಲ್ಲ ಎಂದು ಡೆಸ್ಕಿನಲ್ಲಿ ಕಲಿತದ್ದು.

ಬುಧವಾರ ಬೆಳಿಗ್ಗೆ ಇಂಜಿನಿಯರ್ ಹಳೆಯ ಸ್ಟಾಕ್ ಪಟ್ಟಿಯನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಶುರು ಮಾಡಿ, ಎರಡು ಗಂಟೆ ಬೇಕು ಎಂದು ನನಗೆ ಹೇಳಿ ಹೊರಗೆ ಹೋದ. ಸ್ಟಾಕ್ ಕೀಪರ್ ಆಗ ಗೋದಾಮಿನೊಳಗೆ ಇದ್ದರು. ಅವರು ಬಂದು ಕುಳಿತಾಗ ಪರದೆಯಲ್ಲಿ ಒಂದು ಸಣ್ಣ ಮರಳು ಗಡಿಯಾರದ ಚಿತ್ರ ಇತ್ತು, ಅದು ಅಲುಗಾಡುತ್ತಿರಲಿಲ್ಲ. ಡಾಸಿನಲ್ಲಿ ಕೆಲಸ ನಡೆಯುತ್ತಿದ್ದರೆ ಸಾಲುಗಳು ಓಡುತ್ತಿದ್ದವು. ಏನೂ ಓಡದಿದ್ದರೆ ಯಂತ್ರ ಖಾಲಿ ಕೂತಿದೆ ಎಂದರ್ಥ. ಬಾಂಗ್ ಆಯಿತು. ಕೌಂಟರಿನಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವರನ್ನು ಹೊರಗೆ ಕಳಿಸಿ ಶಟರ್ ಎಳೆದರು. ಜೀಪು ಮೂಲೆಯಲ್ಲಿ ಕಾಣುತ್ತಿತ್ತು. ಒಂದು ಸಲ ಎಸ್ಕೇಪ್ ಒತ್ತಿದರು, ಸ್ವಿಚ್ ಎಳೆದರು. ನನ್ನ ಮೇಜು ಹದಿನೈದು ಅಡಿ ಹಿಂದೆ. ಎರಡು ಗಂಟೆಯ ಕೆಲಸ ಅದು ಎಂದು ನನಗೆ ಗೊತ್ತಿತ್ತು. ಕೂಗಲು ಬಾಯಿ ತೆರೆದಾಗ ಕತ್ತಲಾಗಿತ್ತು.

ನಮಾಜು ಮುಗಿದ ಮೇಲೆ ಯಂತ್ರ ಏಳಲಿಲ್ಲ. ಇಂಜಿನಿಯರ್ ಬಂದು ಹೇಗೋ ಎಬ್ಬಿಸಿದಾಗ ಪಟ್ಟಿ ಅರ್ಧ ಇತ್ತು, ಆ ಅರ್ಧವೂ ಕಲಸಿಹೋಗಿತ್ತು. ಫ್ಲಾಪಿಗಳಲ್ಲಿ ತೆಗೆದಿಟ್ಟಿದ್ದ ಪ್ರತಿ ಹಿಂದಿನ ತಿಂಗಳಿನದು.

"ಅಂಕಲ್, ಯಾರು ಹೇಳಿದ್ರು ನಿಮಗೆ ಸ್ವಿಚ್ ತೆಗೀರಿ ಅಂತ?"

"ಯಾರು ಹೇಳಬೇಕು? ದಿನಾ ನಾನೇ ತೆಗೆಯುವುದು."

"ಇದು ಟ್ಯೂಬ್‌ಲೈಟ್ ಅಲ್ಲ ಅಂಕಲ್!"

ಅಲ್ಲಿ ಒಂದು ಮಾತು ಹೇಳಬೇಕಾದವನು ನಾನು. ಇಂಜಿನಿಯರ್ ಸೋಮವಾರ ನೋಡಿಯೂ ತಡೆಯಲಿಲ್ಲ ಎಂಬುದು ಅಲ್ಲಿದ್ದ ಮೂವರ ಪೈಕಿ ಅವನಿಗೂ ನನಗೂ ಗೊತ್ತಿತ್ತು.

ಆಮೇಲೆ ನಾಲ್ಕು ದಿನ, ವಾರದ ರಜೆಯನ್ನೂ ಸೇರಿಸಿ, ಪಟ್ಟಿಯನ್ನು ಮತ್ತೆ ಕಟ್ಟಿದರು. ಕಟ್ಟಿದ್ದು ಸ್ಟಾಕ್ ಕೀಪರ್. ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಸಾಲಿನಿಂದ ಸಾಲಿಗೆ ಹೇಳುತ್ತಾ ಹೋದರು: ಯಾವ ರ್‍ಯಾಕಿನಲ್ಲಿ ಯಾವ ವಾಲ್ವು, ಆ ತಿಂಗಳು ಎಷ್ಟು ಹೋಯಿತು, ಎಷ್ಟು ಬಂತು. ಇಂಜಿನಿಯರ್ ಟೈಪು ಮಾಡಿದ. ಸುಡಾನಿನವರು ಪೆನ್ಸಿಲ್ ಹಿಡಿದು ಒಳಗೆ ಹೋಗಿ ಎಣಿಸಿ ಬರುತ್ತಿದ್ದರು. "ವಲ್ಲಾಹಿ, ಸರಿಯಾಗಿದೆ," ಎಂದು ಪ್ರತಿ ಸಲ ಕೂಗುತ್ತಿದ್ದರು. ಕೊನೆಗೆ ನೋಡಿದರೆ ತಪ್ಪಿದ್ದು ಒಂದು ಪೆಟ್ಟಿಗೆ ಗ್ಯಾಸ್ಕೆಟ್ ಮಾತ್ರ. ಕಂಪನಿಗೆ ಒಂದು ಗಿರಾಕಿಯೂ ಕಳೆದುಹೋಗಲಿಲ್ಲ.

ತಿಂಗಳು ಮುಗಿದಾಗ ನನ್ನ ಬಳಿ ಒಂಬತ್ತು ಪುಟದ ಟಿಪ್ಪಣಿ ಇತ್ತು. ಮುದೀರ್ ಅದನ್ನು ಕೈಯಲ್ಲಿ ತೂಗಿ, "ಒಂದು ಪುಟ," ಎಂದರು. ಒಂದು ಪುಟ ಮಾಡಿದೆ. ಮುಖ್ಯವಾದದ್ದು ಮೊದಲು, ಉಳಿದದ್ದು ನಂತರ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು: ಪತ್ರಿಕೆಯಲ್ಲಿ ಸುದ್ದಿಯನ್ನು ಹಾಗೆಯೇ ಕಟ್ಟುತ್ತಾರೆ. ಮೊದಲ ಸಾಲು: ಬುಧವಾರ ಹನ್ನೊಂದು ಮೂವತ್ತಾರಕ್ಕೆ ಸ್ಟಾಕ್ ಕೀಪರ್ ಮೇನ್ ಸ್ವಿಚ್ ತೆಗೆದಿದ್ದರಿಂದ ಪಟ್ಟಿ ನಾಶವಾಯಿತು. ಪಟ್ಟಿಯನ್ನು ನೆನಪಿನಿಂದ ಮರಳಿ ಕಟ್ಟಿದ ವಿಷಯ ಕೊನೆಯ ಪ್ಯಾರಾದಲ್ಲಿತ್ತು. ಅದು ಎರಡನೇ ಪುಟಕ್ಕೆ ಹರಿಯಿತು. ಕತ್ತರಿಸಿದೆ. ಕಾರ್ಡ್ ಆಟದ ಸಾಲು ಮಧ್ಯದಲ್ಲಿತ್ತು, ಉಳಿಯಿತು. ಜಾಗ ಉಳಿಸಲು ಅದರಿಂದ "ಮೌಸ್ ಅಭ್ಯಾಸಕ್ಕಾಗಿ" ಎಂಬ ಮಾತು ತೆಗೆದಿದ್ದೆ.

ಸುಡಾನಿನವರ, ಹೈದರಾಬಾದಿನವರ ಕಾಗದಕ್ಕೆ ಸಹಿ ಆಯಿತು. ಇವರದಕ್ಕೆ ಆಗಲಿಲ್ಲ. ಮುದೀರ್ ಕೂಗಾಡಲಿಲ್ಲ. ಕುಳ್ಳಿರಿಸಿ ವರದಿಯ ಪ್ರತಿಯನ್ನೇ ಮುಂದೆ ಇಟ್ಟರಂತೆ. ಇವರು ಕೇಳಿದ್ದು ಐದು ತಿಂಗಳು. ಸ್ಟಾಕ್ ಬೇಡ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತೇನೆ, ಮಗಳ ಪರೀಕ್ಷೆ ಮುಗಿಯುವ ತನಕ ಇಕಾಮಾ ಇರಲಿ ಎಂದು. ಬೇರೆ ಕಂಪನಿಗೆ ಹೋಗಲು ಬಿಡುಗಡೆ ಪತ್ರವನ್ನಾದರೂ ಕೊಡಿ ಎಂದು. ಅದಕ್ಕೆ ಸಹಿ ಹಾಕಬೇಕಾದ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಊರಿನಲ್ಲಿಲ್ಲ ಎಂಬ ಉತ್ತರ ಬಂತು. ಅವನು ಊರಿಗೆ ಬಂದ ಮೇಲೂ ಅದೇ ಉತ್ತರ.

ಮರುದಿನ ನಾನು ಒಂಬತ್ತು ಪುಟ ಹಿಡಿದು ಮುದೀರ್ ಬಳಿ ಹೋದೆ. ಸೋಮವಾರದ್ದನ್ನು ಹೇಳಿದೆ, ನಾಲ್ಕು ದಿನದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿದರು.

"ಈ ಒಂದು ಪುಟ ನೀನೇ ಬರೆದದ್ದಾ?"

"ಹೌದು."

"ಇದರಲ್ಲಿ ಸುಳ್ಳು ಯಾವ ಸಾಲು?"

"ಸುಳ್ಳು ಇಲ್ಲ."

"ಖಲಾಸ್." ಪುಟವನ್ನು ಫೈಲಿನೊಳಗೆ ಇಟ್ಟರು.

ಸ್ಟಾಕ್ ಕೀಪರಿಗೆ ಆ ಪುಟ ಬರೆದವರು ಯಾರೆಂದು ಗೊತ್ತಿತ್ತು. ಅವರು ಅದರ ಬಗ್ಗೆ ಒಮ್ಮೆ ಮಾತ್ರ ಮಾತಾಡಿದರು, ನೀರಿನ ಕೂಲರಿನ ಹತ್ತಿರ. "ಪೇಪರ್‌ನವರೇ, ನನ್ನನ್ನು ಒಂದು ಸಲ ಕೇಳಬಹುದಿತ್ತು. ಪೇಪರಿನಲ್ಲಿ ಎರಡು ಕಡೆಯವರನ್ನು ಕೇಳುವ ಕ್ರಮ ಇಲ್ಲವಾ?"

ಇದೆ ಎಂದೆ.

ಶಾಲೆಗೆ ಅರ್ಜಿ ಬರೆದುಕೊಡಲು ಅವರು ನನ್ನ ಬಳಿಗೇ ಬಂದರು. ಇಂಗ್ಲಿಷಿನಲ್ಲಿ ನೆಟ್ಟಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ. ಹುಡುಗಿಯನ್ನು ಯಾರದಾದರೂ ಮನೆಯಲ್ಲಿ ಬಿಟ್ಟುಹೋದರೆ ಪರೀಕ್ಷೆಗೆ ಕೂರಿಸುತ್ತೀರಾ ಎಂದು ಕೇಳಿ ಬರೆದೆ. ಇಕಾಮಾ ಇಲ್ಲದವರನ್ನು ಶಾಲೆ ಇಟ್ಟುಕೊಳ್ಳುವಂತಿಲ್ಲ ಎಂದು ಉತ್ತರ ಬಂತು. ಮಂಗಳೂರಿನಲ್ಲಿ ಅವರ ತಮ್ಮ ಎರಡು ಕಾಲೇಜಿಗೆ ಹೋಗಿ ವಿಚಾರಿಸಿದರು. ವರ್ಷದ ನಡುವೆ, ಬೇರೆ ಬೋರ್ಡಿನಿಂದ, ಹನ್ನೆರಡನೆಯದಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಮುಂದಿನ ಜೂನ್‌ಗೆ ಬನ್ನಿ, ಒಂದು ವರ್ಷ ಹಿಂದಿನಿಂದ ಶುರು ಮಾಡಿ ಎಂದರು.

ಹೆಂಡತಿ ಮಗಳ ಸಮೇತ ಅವರನ್ನು ದಹ್ರಾನ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದದ್ದು ನಾನೇ, ನನ್ನ ಕಾರಿನಲ್ಲಿ. ಕೌಂಟರಿನಲ್ಲಿ ಸಾಮಾನು ತೂಗಿದಾಗ ಮುಳ್ಳು ಮಿತಿ ದಾಟಿ ನಿಂತಿತು. ತಾಯಿ ಪಾತ್ರೆಯ ಪೆಟ್ಟಿಗೆ ಬಿಚ್ಚಲು ಬಗ್ಗಿದರು.

"ಅದು ಇರಲಿ ಮಮ್ಮಿ," ಎಂದು ಮಗಳು ಇನ್ನೊಂದು ರಟ್ಟಿನ ಪೆಟ್ಟಿಗೆಯ ಟೇಪನ್ನು ಉಗುರಿನಿಂದ ಕಿತ್ತಳು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಎರಡು ಭಾಗ, ಅರ್ಧ ಪುಟಗಳಿಗೆ ಮಾತ್ರ ಟೀಚರ್ ಸಹಿ ಇದ್ದ ಪ್ರಾಕ್ಟಿಕಲ್ ಪುಸ್ತಕ. ಒಂದೊಂದಾಗಿ ತೆಗೆದು ಟ್ರಾಲಿಯ ಪಕ್ಕ ನೆಲದ ಮೇಲೆ ಪೇರಿಸಿದಳು. "ಅಲ್ಲಿ ಸಿಲೆಬಸ್ ಬೇರೆ ಅಂಕಲ್. ಇದು ಯೂಸ್ ಆಗಲ್ಲ. ಸ್ಕೂಲಿನಲ್ಲಿ ಯಾರಿಗಾದರೂ ಕೊಡ್ತೀರಾ?"

ಕೊಡುತ್ತೇನೆ ಎಂದೆ. ಅವಳ ತಂದೆ ನಮ್ಮಿಬ್ಬರನ್ನೂ ನೋಡಲಿಲ್ಲ, ತೂಕದ ಮುಳ್ಳನ್ನು ನೋಡುತ್ತಿದ್ದರು. ಕೊನೆಯ ಪುಸ್ತಕ ಹೊರಬಂದಾಗ, "ಹಾಂ, ಈಗ ಸರಿಯಾಯಿತು," ಎಂದು ಪೆಟ್ಟಿಗೆಯನ್ನು ಬೆಲ್ಟಿನ ಮೇಲೆ ತಳ್ಳಿದರು.