ಇಸ್ತ್ರಿಯಣ್ಣ ಅತಿಥಿಯಾದ ವಾರ

ಬಿಳಿ ನಿಲುವಂಗಿ ತೊಟ್ಟವರನ್ನು ಕಂಡರೆ ನನ್ನ ಬೆನ್ನು ತಾನಾಗಿ ಬಾಗುತ್ತದೆ. ಅದರೊಳಗೆ ಯಾರಿದ್ದಾರೆಂಬುದು ಬೆನ್ನಿಗೆ ಬೇಕಿಲ್ಲ. ಈ ಪುಟ್ಟ ದ್ವೀಪದ ಹೋಟೆಲಿನಲ್ಲಿ ರೂಮುಗಳ ಸೇವೆಗಿರುವ ನನಗೆ ಸಂಬಳ ಬರುವುದೇ ಬಾಗುವುದಕ್ಕೆ. ಉಳಿದ ಕೆಲಸವೆಲ್ಲ ಬಿಟ್ಟಿ. ಹಾಗಾಗಿ ಇಸ್ತ್ರಿಯಣ್ಣನಿಗೂ ಬಾಗಿದೆ.

ಇಸ್ತ್ರಿಯಣ್ಣ ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು. ದಿನವಿಡೀ ಹಬೆಯಲ್ಲಿ ಬೆಂದು, ಸಂಜೆ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಅತಿಥಿಗಳ ದೌಲತ್ತನ್ನು ಆಡಿಕೊಳ್ಳುವುದರಲ್ಲಿ ನಮಗೆಲ್ಲ ಗುರು. ಅವನ ಹೆಂಡತಿ ಸಮುದ್ರದಾಚೆ ತವರಿನಲ್ಲಿದ್ದರು. ಈ ವರ್ಷ ಅವನಿಗೆ ಸಂಸಾರ ಹೂಡಲು ಸಿಬ್ಬಂದಿ ವಸತಿಯಲ್ಲಿ ಒಂದು ಕೋಣೆ ಮಂಜೂರಾಗಿತ್ತು. ಬಾ, ಬಾ ಎಂದು ಅವನು ಫೋನಿನಲ್ಲಿ ಗೋಗರೆಯುತ್ತಿದ್ದುದು ಪಕ್ಕದಲ್ಲಿ ಮಲಗುವ ನನಗೆ ಬಾಯಿಪಾಠ. ಅತ್ತಿಗೆಯದು ಒಂದೇ ಉತ್ತರವಂತೆ: "ಮೊದಲು ಬಂದು ನೋಡ್ತೀನಿ, ಆಮೇಲೆ ಹೇಳ್ತೀನಿ."

ಅಷ್ಟರಲ್ಲಿ ಮ್ಯಾನೇಜರು ಅವನನ್ನು ವರ್ಷದ ಉತ್ತಮ ನೌಕರನೆಂದು ಆರಿಸಿದರು. ಬಹುಮಾನ, ಹೆಂಡತಿಯೊಡನೆ ಒಂದು ವಾರ ಇದೇ ಹೋಟೆಲಿನಲ್ಲಿ ಅತಿಥಿಯಾಗಿರುವುದು. ಬೇರೆ ಕಡೆ ಕಳಿಸಿದರೆ ಖರ್ಚಲ್ಲವೇ?

ಮೊದಲ ದಿನ ಅತ್ತಿಗೆ ದೋಣಿಯಿಂದ ಇಳಿದಾಗ ಅವನೇ ಪೆಟ್ಟಿಗೆ ಹೊತ್ತು ನಾಚಿಕೊಂಡ. ಮರುದಿನ ಅತಿಥಿಗಳಿಗೆಂದು ರೂಮಿನಲ್ಲಿಡುವ ಬಿಳಿ ನಿಲುವಂಗಿ ತೊಟ್ಟ. ಅದರ ಕೊರಳಪಟ್ಟಿ ಸರಿಯಾಗಿ ಮಡಚಿಲ್ಲವೆಂದು ಲಾಂಡ್ರಿಗೆ ವಾಪಸ್ ಕಳಿಸಿದ. ಹಿಂದಿನ ವಾರ ಅದನ್ನು ಮಡಚಿಟ್ಟವನು ಅವನೇ.

"ಏನಯ್ಯಾ, ಗಂಟೆ ಒತ್ತಿದ್ರೆ ಬರೋಕೆ ಇಷ್ಟು ಹೊತ್ತಾ?" ಎಂದ.

ಅಯ್ಯಾ! ನಿನ್ನೆಯವರೆಗೆ ನಾನು 'ಲೋ' ಆಗಿದ್ದೆ.

"ತಪ್ಪಾಯ್ತು ಸಾರ್," ಅಂದೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಸಾರ್ ಹೊರಬಿದ್ದಿತ್ತು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಆ ಒಂದು ಸಾರ್‌ನಿಂದಲೇ ಇಡೀ ವಾರ ಕೆಟ್ಟಿತೆಂದು ಅಡುಗೆಯವರು ಈಗಲೂ ನನ್ನನ್ನು ಬೈಯುತ್ತಾರೆ.

ಅತ್ತಿಗೆ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸರಿಮಾಡುತ್ತಿದ್ದರು. ಅವನು ಅದನ್ನು ಕೆದರಿ ನನ್ನನ್ನು ಕರೆಸುತ್ತಿದ್ದ.

"ನೀನು ಅತಿಥಿ ಕಣೇ! ಇವನಿಗೆ ಸಂಬಳ ಕೊಡೋದು ಯಾಕೆ?"

"ನಿಮಗೆ ಕೊಡೋದೂ ಅದಕ್ಕೇ ಅಲ್ವಾ?"

ನಿಲುವಂಗಿಗೆ ಕಿವಿಯಿರಲಿಲ್ಲ.

"ಸಮುದ್ರದ ಹತ್ರ ಸ್ವಲ್ಪ ಕೂತು ಬರೋಣ. ಮುಂದೆ ನಾವಿರೋ ರೂಮಾದ್ರೂ ತೋರಿಸಿ," ಎಂದು ಅತ್ತಿಗೆ ದಿನಾ ಕೇಳುತ್ತಿದ್ದರು. ಮರಳಿನಲ್ಲಿ ಒತ್ತಲು ಗಂಟೆ ಎಲ್ಲಿದೆ? ವಸತಿಯ ಕಡೆ ಹೋದರೆ ನಾವೆಲ್ಲ ಹಲ್ಲು ಕಿಸಿಯುತ್ತೇವೆ. "ರಜೆ ಮುಗೀಲಿ, ನೋಡಿದ್ರಾಯ್ತು," ಎನ್ನುತ್ತಿದ್ದ ಮಹಾರಾಯ.

ಕೊನೆಗೆ ಅತ್ತಿಗೆಯೇ ದಾರಿ ಕೇಳಿಕೊಂಡು ಹೋಗಿ ವಸತಿಯ ಕೋಣೆ ನೋಡಿದರು. ಅಲ್ಲಿಂದ ಲಾಂಡ್ರಿಗೆ ಬಂದು ಹೆಂಗಸರ ಜೊತೆ ದಿಂಬಿನ ಚೀಲ ಮಡಚುತ್ತ ಕೂತರು. ದುಡ್ಡು ಕೊಟ್ಟು ಬಂದವರ ಈಜುಕೊಳದಲ್ಲೂ ಅಂಥ ನಗು ನಾನು ಕೇಳಿಲ್ಲ.

ಕೊನೆಯ ಮಧ್ಯಾಹ್ನ ಅವನು ಹುಡುಕಿಕೊಂಡು ಅಲ್ಲಿಗೆ ಬಂದ. ಹಿಂದೆ ಕಲ್ಲಂಗಡಿ ರಸದ ಟ್ರೇ ಹಿಡಿದು ನಾನು.

"ಇಲ್ಲೇನೇ ನಿನ್ನ ಕೆಲಸ? ಜನ ಏನಂದ್ಕೋತಾರೆ?"

"ಯಾವ ಜನ? ಇವರೇ ತಾನೆ?"

ಹೆಂಗಸರು ಬಾಯಿಗೆ ಟವೆಲು ಒತ್ತಿಕೊಂಡರು. ಅವನು ದನಿ ತಗ್ಗಿಸಿದ. "ನಾಳೆ ನಿನ್ನ ದೋಣಿ. ಇಲ್ಲಿರೋಕೆ ಬರ್ತೀಯೋ ಇಲ್ವೋ, ಅದನ್ನಾದ್ರೂ ಹೇಳು."

"ಬರಬೇಕು ಅಂತಾನೇ ಇದ್ದೆ. ರೂಮು ಚೆನ್ನಾಗಿದೆ. ಇವರೂ ಚೆನ್ನಾಗಿದ್ದಾರೆ." ಅತ್ತಿಗೆ ಇನ್ನೊಂದು ಚೀಲ ಕೊಡವಿದರು. "ನಿಮ್ಮ ರಜೆ ನೋಡಿದ ಮೇಲೆ ಬೇಡ ಅನ್ನಿಸ್ತು. ನಾಳೆಯಿಂದ ನಿಮಗೆ ಸಾರ್ ಅನ್ನೋರು ಯಾರೂ ಇರಲ್ಲ, ಆಗ ಆ ಕೆಲಸ ನನಗೆ ಬರುತ್ತೆ. ಈ ಹುಡುಗನ ಹಾಗೆ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಎಲ್ಲರೂ ನನ್ನತ್ತ ನೋಡಿದರು. ನಾನು ಹಾಗೆ ನಿಂತಿಲ್ಲವೆಂದು ತೋರಿಸಲು ಟ್ರೇಯನ್ನು ಎಲ್ಲಾದರೂ ಇಡಬೇಕಿತ್ತು. ಸುತ್ತಲೂ ಬರೀ ಒಗೆದ ಬಟ್ಟೆ.

ಇಸ್ತ್ರಿಯಣ್ಣ ನನ್ನ ಕಡೆ ತಿರುಗಿದ.

"ಅದನ್ನ ರೂಮಲ್ಲಿಟ್ಟು ಬಾ."

ಇಟ್ಟು ಬಂದೆ.